ಕೆಂಚಿಯ ಎಡಗಾಲು

ಮಾರ್ಚ್ 4

ರೈಡಿಂಗ್ ಸ್ಕೂಲಿನಲ್ಲಿ ಇವತ್ತು ಗೊರಸು ತಿದ್ದುವುದಕ್ಕೆ ಆರು ಕುದುರೆ. ಐದು ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಕೊನೆಗೆ ಕೆಂಚಿ. ಲಾಳ ತೆಗೆಸಿ ಬರಿಗಾಲು ಮಾಡಿ ನಾಲ್ಕು ತಿಂಗಳು. ಮುಂಗಾಲಿನ ಗೊರಸು ಒಂದಕ್ಕೊಂದು ಹೊಂದುವುದಿಲ್ಲ — ಬಲದ್ದು ಚಪ್ಪಟೆ, ಎಡದ್ದು ನೆಟ್ಟಗೆ, ಹಿಮ್ಮಡಿ ಎತ್ತರ. ಕಣ್ಣಿಗೆ ಚುಚ್ಚುತ್ತಿತ್ತು. ಎಡದ ಹಿಮ್ಮಡಿಯನ್ನು ಅರದಿಂದ ಉಜ್ಜಿ ಇಳಿಸಿ, ಬಲಕ್ಕೆ ಸರಿಸಮ ಮಾಡಿದೆ. ಫೋಟೊ ತೆಗೆದೆ. ಏನು ಚೆಂದ!

ಮಾರ್ಚ್ 5

ಕೆಂಚಿ ಕುಂಟುತ್ತಿದೆ. ಎಡಗಾಲು.

ಮಾಲೀಕರು ಕೇಳಿದರು, "ಏನಮ್ಮ ಇದು?"

ಬಾಯಿಂದ ಉದುರಿಬಿಟ್ಟಿತು — "ಕಲ್ಲು ಒತ್ತಿರ್ಬೇಕು ಸಾರ್."

ಯಾಕೆ ಹಾಗೆಂದೆ...

ಮಾರ್ಚ್ 6, ಸಂಜೆ

ಅಪ್ಪನಿಗೆ ಫೋಟೊ ತೋರಿಸಿದೆ. ಮೂವತ್ತು ವರ್ಷ ಲಾಳ ಹೊಡೆದವರು. ನನ್ನ ಬರಿಗಾಲಿನ ಕೆಲಸ ಅವರಿಗೆ ಆಗಿಬರುವುದಿಲ್ಲ, ಬೈಸಿಕೊಳ್ಳಲು ಸಿದ್ಧವಾಗಿದ್ದೆ. ಬೈಯಲಿಲ್ಲ. ಬಾಗಿಲ ಬಳಿಯಿದ್ದ ನನ್ನ ಚಪ್ಪಲಿ ಮಗುಚಿ ಹಾಕಿದರು.

"ಎರಡೂ ಒಂದೇ ಥರ ಸವೆದಿದ್ಯಾ?"

"ಇಲ್ಲ."

"ನಿನ್ನ ಕಾಲಿಗೇ ಇಲ್ದಿರೋ ಜೋಡಿ ಅದಕ್ಯಾಕೆ ಮಾಡೋಕೆ ಹೋದೆ? ಅದರ ಕಾಲೇ ಹಾಗೆ ಕಣೇ. ಒಂದೇ ಸಲ ಅಷ್ಟು ಇಳಿಸಿದ್ರೆ ನರ ಎಳೆಯಲ್ವಾ? ಹಿಮ್ಮಡಿ ಕೆಳಗೆ ಮೆತ್ತೆ ಕಟ್ಟು. ಗೊರಸು ಬೆಳೆಯೋವರೆಗೂ ಓಡಿಸ್ಬೇಡಿ."

ಚಪ್ಪಲಿ ನೆಟ್ಟಗೆ ತಿರುಗಿಸಿಟ್ಟೆ.

"ಮಾಲೀಕರಿಗೆ ಹೇಳಿದ್ಯಾ?" ಅಂದರು.

ಎದ್ದುಬಂದೆ.

ಮಾರ್ಚ್ 9

ಎರಡು ದಿನ ಪೆನ್ನು ಮುಟ್ಟಲಿಲ್ಲ. ನನ್ನ ಕಲ್ಲಿನ ಕಥೆ ಲಾಯದಕ್ಕನ ತಲೆಗೆ ಬಂದಿದೆ. ಹದಿನಾಲ್ಕು ವರ್ಷದಿಂದ ಲಾಯ ನೋಡಿಕೊಳ್ಳುತ್ತಿರುವವಳು, ಕೆಂಚಿ ಮರಿಯಾಗಿದ್ದಾಗಿನಿಂದ. ಅವಳೇ ಜಲ್ಲಿ ದಾರಿಯಲ್ಲಿ ನಡೆಸಿದ್ದು ಅಂತ ಮಾಲೀಕರ ತೀರ್ಮಾನ. ನಾಳೆಯೇ ಕೊನೆ, ಸಾಮಾನು ತೆಗೆದುಕೊಂಡು ಹೋಗು ಅಂದರಂತೆ.

"ನಾನು ಹುಲ್ಲಿನ ಮೇಲೇ ಕರ್ಕೊಂಡ್ ಹೋಗಿದ್ದು. ನೀನಾದ್ರೂ ನಂಬ್ತೀಯಲ್ಲ?" ಅಂದಳು.

ಹೂಂ ಅಂತ ತಲೆ ಆಡಿಸಿದೆ. ಅಷ್ಟೇ. ಥೂ, ನನ್ನ ಜನ್ಮಕ್ಕಿಷ್ಟು...

ಮಾರ್ಚ್ 10, ಬೆಳಿಗ್ಗೆ 6:40

ಲಾಯ. ಹುಲ್ಲಿನ ಕಟ್ಟಿನ ಮೇಲೆ ಕೂತಿದ್ದೇನೆ. ಮೆತ್ತೆ ಕಟ್ಟಿದ ಮೇಲೆ ಕೆಂಚಿ ಎಡಗಾಲು ಊರುತ್ತಿದೆ — ಸ್ವಲ್ಪ. ಅಕ್ಕ ಬ್ರಷ್ಷು, ಬೂಟು, ಹಳೇ ಸ್ವೆಟರ್ ಚೀಲಕ್ಕೆ ತುಂಬುತ್ತಿದ್ದಾಳೆ. ಹೇಳಿದರೆ ಈ ಆರೂ ಕುದುರೆ ನನ್ನ ಕೈತಪ್ಪುತ್ತವೆ. ಬೇರೆ ಲಾಯದವರೂ ಕರೆಯಲಿಕ್ಕಿಲ್ಲ. ತಪ್ಪಲಿ.

ಗೇಟಿನ ಸದ್ದು. ಮಾಲೀಕರ ಕಾರು. ಅವರು ಬಾಯಿ ತೆರೆಯುವ ಮೊದಲೇ ಹೇಳಬೇಕು: ಸಾರ್, ಕಲ್ಲಲ್ಲ, ನನ್ನ ಅರ...

ಅಕ್ಕ ಚೀಲ ಹೆಗಲಿಗೇರಿಸಿದಳು. ಕೆಂಚಿಯ ಹಣೆ ಸವರುತ್ತಿದ್ದಾಳೆ.

ಇಲ್ಲ. ಮೊದಲು ಅವಳಿಗೆ —