ಕಸಿನ್ ಬ್ರದರ್

2014 ಫೆಬ್ರವರಿ 2, ಭಾನುವಾರ

ಎಸಿ ಮತ್ತೆ ಸೋರುತ್ತಿದೆ. ಕೀಬೋರ್ಡ್ ಪಕ್ಕ ಬಕೆಟ್.

ಹೊಸ ಕೆಲಸ — ಹೋಟೆಲ್ ರೂಮುಗಳ ಟಿವಿಗೆ ಒಂದು ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರ. ಯುದ್ಧಕಾಲದ ಪ್ರೇಮ. ನರ್ಸ್ ಒಬ್ಬಳು, ಗಾಯಗೊಂಡ ಪೈಲಟ್ ಒಬ್ಬ. ಸತ್ತನೆಂದುಕೊಂಡ ಗಂಡ ಒಂದು ಕೈ ಕಳೆದುಕೊಂಡು ಬರುತ್ತಾನೆ. ಅವಳು ಗಂಡನ ಜೊತೆ ಹಡಗು ಹತ್ತುತ್ತಾಳೆ.

ಇಲ್ಲಿನ ಸೆನ್ಸಾರ್‌ಗೆ ಆಗದ ಮುತ್ತು ಆರು. ಬೆಳಗ್ಗೆಯೇ ಕತ್ತರಿಸಿದೆ. ಆದರೆ ಮದುವೆಯಾದವಳ ಪ್ರೇಮ? ಎಲ್ಲಿ ಅಂತ ಕತ್ತರಿಸುವುದು, ಚಿತ್ರ ಪೂರ್ತಿ ಅದೇ. ನಮ್ಮ ಹೆಡ್ ಮೋಹನದಾಸ್ ದಾರಿ ಹೇಳಿದರು: "ನಾರ್ಬರ್ಟ್, ಗಂಡನನ್ನು ಅಣ್ಣ ಮಾಡು. ಹಸ್ಬೆಂಡ್ ಇದ್ದಲ್ಲೆಲ್ಲ ಬ್ರದರ್ ಅಂತ ಡಬ್ ಮಾಡಿದ್ರೆ ಖಲಾಸ್."

ಹಸ್ಬೆಂಡ್ ಎಲ್ಲೆಲ್ಲಿ ಬರುತ್ತದೆಂದು ಪಟ್ಟಿ ಮಾಡಲು ಜೊತೆ ಕೆಲಸದ ರಝಿಯಾ. ಇಡೀ ವಾರ ಇಬ್ಬರೇ, ಒಂದೇ ಸ್ಕ್ರೀನ್ ಮುಂದೆ. ಖುಷಿಯಾಯಿತು. ಈ ಡೈರಿಯಲ್ಲಾದರೂ ಬರೆದುಕೊಳ್ಳುತ್ತೇನೆ.

ಫೆ. 4, ಮಂಗಳವಾರ

ಅವಳ ಭಟ್ಕಳದ ನವಾಯತಿ, ನನ್ನ ಕೊಂಕಣಿ — ಅರ್ಧರ್ಧ ತಿಳಿಯುತ್ತದೆ. ಉಳಿದದ್ದಕ್ಕೆ ಕನ್ನಡ.

ಇವತ್ತು ಕೊನೆಯ ದೃಶ್ಯ. ಬಂದರಿನಲ್ಲಿ ಪೈಲಟ್ ಸುಮ್ಮನೆ ನಿಂತಿದ್ದಾನೆ. ರಝಿಯಾ ಪಾಜ್ ಒತ್ತಿ ಚಿತ್ರ ನಿಲ್ಲಿಸಿದಳು.

"ಈಗ ಆ ಗಂಡ ಅಣ್ಣ ಅಲ್ವಾ? ಹಾಗಾದ್ರೆ ಇವ ಹೋಗಿ ಕೇಳ್ಬಹುದಲ್ಲ. ಸುಮ್ನೆ ಎಂತಕ್ಕೆ ನಿಂತದ್ದು?"

ಹೇಳಿ ಸ್ಕ್ರೀನ್ ನೋಡಲಿಲ್ಲ. ನನ್ನನ್ನು ನೋಡಿದಳು.

ಅಣ್ಣ ಅವಳಿಗೂ ಇದ್ದಾನೆ. ಇಹ್ಸಾನ್ — ದುಬೈಯ ರಾಸ್ ಅಲ್ ಖೋರ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ವಾರವಿಡೀ ಅವಳು ಇಲ್ಲೇ ಖಾಲಿದಿಯಾದಲ್ಲಿ ಚಿಕ್ಕಮ್ಮನ ಮನೆಯಲ್ಲಿ. ಗುರುವಾರ ಸಂಜೆ ಅವನು ಬಂದು ದುಬೈಗೆ, ಅಪ್ಪ ಅಮ್ಮನ ಬಳಿ ಕರೆದೊಯ್ಯುತ್ತಾನೆ. ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನವೇ ಪರಿಚಯ ಮಾಡಿಸಿದ್ದಳು: "ನನ್ನ ಕಸಿನ್ ಬ್ರದರ್." ಮಾಮನ ಮಗ.

ಗುರುವಾರ ಅವನನ್ನು ಕೇಳಿಯೇ ಬಿಡುತ್ತೇನೆ. ನಾನು ಕ್ರಿಶ್ಚಿಯನ್, ಮೂವತ್ತೆಂಟು ವಯಸ್ಸು... ಬೈದರೆ ಬೈಯಲಿ.

ಫೆ. 6, ಗುರುವಾರ

ಶರ್ಟಿಗೆ ಇಸ್ತ್ರಿ ಹಾಕಿದ್ದೇ ಬಂತು.

ರಝಿಯಾ ಇನ್ನೂ ಮೇಲಿದ್ದಳು. ಪಾರ್ಕಿಂಗಿನಲ್ಲಿ ಇಹ್ಸಾನ್ ಕಾರಿಗೆ ಒರಗಿ ನಿಂತಿದ್ದ. "ರಝಿಯಾ ವಿಷಯ ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದೆ.

"ರಜೆಯದ್ದಾ? ಮೂರು ವಾರ ಸಿಕ್ಕಿದ್ರೆ ಸಾಕು. ಮದುವೆ ಊರಲ್ಲೇ ಅಲ್ವಾ."

"ಯಾರ ಮದುವೆ?"

ನಕ್ಕ. "ನಮ್ದೇ ಮಾರಾಯ್ರೆ. ಸಣ್ಣದಿರುವಾಗಲೇ ಮಾತಾಗಿತ್ತು. ಅವಳು ಹೇಳ್ಲಿಲ್ವಾ?"

ಕಂಗ್ರಾಟ್ಸ್ ಎಂದೆ. ಕೈ ಕುಲುಕಿದೆ. ಒಳ್ಳೆಯ ಮನುಷ್ಯ... ಬೈಯಲಿಕ್ಕೂ ಆಗುವುದಿಲ್ಲ.

ಫೆ. 7, ಶುಕ್ರವಾರ

ರಜೆ. ಚರ್ಚಿನ ಪೂಜೆಗೆ ಹೋಗಲಿಲ್ಲ.

ನಮ್ಮ ಮನೆಯಲ್ಲಿ ಮಾಮನ ಮಗ ಅಂದರೆ ಅಣ್ಣನೇ, ಮಾತು ಮುಗಿಯಿತು. ಅವರಲ್ಲಿ ವರನೂ ಆಗಬಹುದು. ಇಷ್ಟು ವರ್ಷ ಭಟ್ಕಳದವರ ಜೊತೆ ಚಹಾ ಕುಡಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬ್ರದರ್ ಇಟ್ಟುಕೊಂಡು ಕಸಿನ್ ಅನ್ನು ನಾನೇ ಕತ್ತರಿಸಿದೆ. ಮಧ್ಯಾಹ್ನ ಫ್ರಿಜ್‌ನ ಸಾರು ಹಳಸಿತ್ತು, ಚೆಲ್ಲಿದೆ.

ಫೆ. 9, ಭಾನುವಾರ

"ಮೊದಲ ದಿನವೇ ಹೇಳಿದ್ದೆನಲ್ಲ, ಕಸಿನ್ ಅಂತ" ಎಂದಳು ರಝಿಯಾ.

"ಬ್ರದರ್ ಅಂದಿರಿ."

"ಅದು ಎಲ್ಲರೂ ಹಾಗೇ ಹೇಳುದಲ್ವಾ." ಮೌಸ್ ಆಡಿಸಿದಳು. "ಗೊತ್ತಿದ್ದೂ ಸುಮ್ನಿದ್ದೀರಿ ಅಂದ್ಕೊಂಡೆ. ಮಂಗಳವಾರ... ನನ್ನನ್ನು ಕೇಳಿ ಅಂದದ್ದು ನಾನು. ನೀವು ಅವನನ್ನು ಕೇಳ್ಲಿಕ್ಕೆ ಹೋದ್ರಿ."

"ಈಗ ಕೇಳ್ಲಾ?"

"ಬೇಡ ನಾರ್ಬರ್ಟ್. ಕಾರ್ಡ್ ಹಂಚಿ ಆಯ್ತು."

ಆಮೇಲೆ ಹದಿನೇಳು ಹಸ್ಬೆಂಡ್ ತೆಗೆದೆವು.

ಮಾರ್ಚ್ 12, ಬುಧವಾರ

ಭಟ್ಕಳದಿಂದ ರಝಿಯಾಳ ಮೆಸೇಜ್: "ದುವಾ ಮಾಡಿ, ನಾರ್ಬರ್ಟ್ ಭಾಯ್." ಎರಡು ವರ್ಷ ಬರೀ ನಾರ್ಬರ್ಟ್ ಆಗಿದ್ದೆ.

ಸೆನ್ಸಾರ್‌ನಿಂದ ಚಿತ್ರ ವಾಪಸ್ ಬಂದಿದೆ. ಅಣ್ಣ ತಂಗಿ ಅಷ್ಟು ಒತ್ತಿ ನಿಲ್ಲುವುದು ಸರಿಯಲ್ಲವಂತೆ. ಹಡಗಿನಲ್ಲಿ ಒಂದೇ ಕ್ಯಾಬಿನ್ ಬೇರೆ.

ಮೋಹನದಾಸ್ ತಲೆ ಕೆಡಿಸಿಕೊಳ್ಳಲಿಲ್ಲ. "ಯಲ್ಲಾ, ನಡಿ, ಉಲ್ಟಾ ಮಾಡು. ಗಂಡ ಗಂಡನೇ ಇರ್ಲಿ. ಆ ಪೈಲಟ್‌ನನ್ನು ಅಣ್ಣ ಮಾಡು."

ಕಥೆ ಸರಿಯಾಗಿ ಕೂರುತ್ತದೆ. ಅವನು ಸುಮ್ಮನೆ ನಿಂತದ್ದನ್ನು ಈಗ ಯಾರೂ ಕೇಳುವುದಿಲ್ಲ.

ಹೊಸ ಪಟ್ಟಿ ನಾನೊಬ್ಬನೇ ಮಾಡುತ್ತಿದ್ದೇನೆ. ಒಂದು ಸಾಲು ಬಾಕಿ. ಹಡಗಿನ ಮೆಟ್ಟಿಲಲ್ಲಿ ಅವಳು ತಿರುಗಿ ಅವನಿಗೆ ಹೇಳುವುದು ಒಂದೇ ಪದ — ಡಾರ್ಲಿಂಗ್. ಅದನ್ನು ತೆಗೆದು ಬ್ರ—