ಬೀರು ಮಾಡಿದವನು

ಅಣ್ಣನಿಗೆ ನಮಸ್ಕಾರ,

ನಿನ್ನೆ ನಮ್ಮ ಮರಗೆಲಸದ ಅಂಗಡಿಯಲ್ಲಿ ನೀನು ಆ ಕೆತ್ತನೆಯ ಬೀರು ನಿನ್ನ ಕೈಕೆಲಸವೆಂದು ಗಿರಾಕಿಗೆ ಹೇಳಿದೆ. ನಾನು ಸುಮ್ಮನಿರಲಾರದೆ, "ಸುಳ್ಳು, ಅದನ್ನ ಮಾಡಿದ್ದು ನಾನು" ಎಂದುಬಿಟ್ಟೆ. ಗಿರಾಕಿ ಹೋದ ಮೇಲೆ ನೀನು, "ಸಿಗರೇಟು ಬಿಡಿಸೋ ಮಾತ್ರೆ ನಿನ್ನ ತಲೆ ಕೆಡಿಸಿದೆ ಕಣೋ. ಅದನ್ನ ನಿಲ್ಸು, ಮೊದಲಿನ ಹಾಗೆ ಸೇದ್ಕೊಂಡು ತೆಪ್ಪಗಿರು" ಎಂದು ನಿನ್ನ ಪ್ಯಾಕೆಟ್ಟನ್ನೇ ನನ್ನ ಮುಂದಿಟ್ಟೆ.

ನಾನು ಒಂದು ಹಚ್ಚಿ ನೋಡಿದೆ. ಸುಟ್ಟ ಕಾಗದದ ರುಚಿ. ಇವತ್ತು ಡಾಕ್ಟರನ್ನು ಕೇಳಿದೆ. ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ಈ ಮಾತ್ರೆ ಮೊದಲೇ ಹೋಗಿ ಕೂತಿರುತ್ತದಂತೆ, ಅದಕ್ಕೇ ಸೇದಿದರೂ ಸುಖವಿಲ್ಲ. ಕೆಲವರಿಗೆ ಸಿಡುಕೂ ಬರಬಹುದಂತೆ. ಒಪ್ಪಿಕೊಂಡೆ. ಆದರೆ ಬೀರು ಮಾಡಿದವರು ಯಾರೆಂದು ಮಾತ್ರೆ ನನಗೆ ಹೇಳಿಕೊಟ್ಟಿಲ್ಲ. ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ಅಂಗಡಿಯ ಹಿಂದೆ ಹೋಗಿ ಹೊಗೆಯೊಂದಿಗೆ ನುಂಗಿಕೊಳ್ಳುತ್ತಿದ್ದೆ. ಈಗ ನುಂಗಲಾರೆ.

ಮಾತ್ರೆ ನಿಲ್ಲಿಸುವುದಿಲ್ಲ. ಸೋಮವಾರ ಎಂದಿನಂತೆ ಕೆಲಸಕ್ಕೆ ಬರುತ್ತೇನೆ. ಗಿರಾಕಿ ಬೀರು ಒಯ್ಯಲು ಬಂದಾಗ, ತಮ್ಮನೇ ಮಾಡಿದ್ದು ಎಂದು ನಿನ್ನ ಬಾಯಿಂದಲೇ ಹೇಳು. ನೀನು ಹೇಳದಿದ್ದರೆ ನಾನು ಮತ್ತೆ ಹೇಳುತ್ತೇನೆ. ಆಗ ಮಾತ್ರೆಯನ್ನು ಬೈಯಬೇಡ, ನನ್ನನ್ನೇ ಬೈ.

ಇಂತಿ,
ತಲೆ ಸರಿಯಾಗಿಯೇ ಇರುವ ನಿನ್ನ ತಮ್ಮ