ರೊಟ್ಟಿ ಬುಟ್ಟಿಯೊಳಗಿನ ಓದು

ಘತ್ತರಗಿಯ ನನ್ನ ಅಕ್ಕನಿಗೆ, ಆಳಂದದಿಂದ ತಂಗಿ ಜ್ಯೋತಿಯ ಶರಣು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ನಿಮ್ಮತ್ತೆ, "ಸ್ಪೀಕರಿಗೆ ಹಾಕಬೇ, ನಾವೂ ಕೇಳ್ತೀವಿ" ಅನ್ನುತ್ತಾರೆ. ಈ ಪತ್ರವನ್ನು ಅಮಾವಾಸ್ಯೆಗೆ ಭಾಗ್ಯವಂತಿ ಗುಡಿಗೆ ಬರುವ ಅವ್ವನ ಕೈಯಲ್ಲಿ ಕಳಿಸುತ್ತೇನೆ. ಅವ್ವನಿಗೆ ಓದಲು ಬಾರದ್ದು ನಮ್ಮಿಬ್ಬರಿಗೂ ಎಷ್ಟು ಸಲ ಅನುಕೂಲವಾಗಿದೆಯಲ್ಲ!

ಅಕ್ಷರ ಶಾಲೆಯಲ್ಲಿ ಕಲಿತೆ. ಓದುವುದನ್ನು ಕಲಿತದ್ದು ನಿನ್ನ ಒಲೆಯ ಪಕ್ಕದಲ್ಲಿ. ರೊಟ್ಟಿ ಬುಟ್ಟಿಯ ಬಟ್ಟೆಯ ಕೆಳಗೆ ಕಥೆಪುಸ್ತಕ ಇಟ್ಟುಕೊಂಡು, ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟರಲ್ಲಿ ಅರ್ಧ ಪುಟ ಮುಗಿಸುತ್ತಿದ್ದೆ ನೀನು. ಪುಟದ ಅಂಚಿಗೆಲ್ಲ ಜೋಳದ ಹಿಟ್ಟಿನ ಬೆರಳು. ಕಥೆ ಬಿಗಿಯಾದಾಗ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತಿತ್ತು. ಪಡಸಾಲೆಯಿಂದ ಅಪ್ಪ ಕೂಗುತ್ತಿದ್ದ.

"ಸಪ್ಪಳ ಯಾಕ ನಿಂತದ ಬೇ?"

"ಹಿಟ್ಟು ನಾದಾಕತ್ತೇನಿ ಅಪ್ಪಾ."

"ದಿನಾ ಎಷ್ಟು ನಾದ್ತಿ? ಹಿಟ್ಟದನೋ ಕಲ್ಲದನೋ?"

ಬಾಗಿಲು ಕಾಯುವುದು ನನ್ನ ಕೆಲಸ. ಅದಕ್ಕೆ ಕೂಲಿಯಾಗಿ ನೀನು ಓದಿದ ಕಥೆಯನ್ನು ಆಮೇಲೆ ನನಗೆ ಹೇಳುತ್ತಿದ್ದೆ. ಒಂದು ದಿನ ನಾನು ಬಾಗಿಲು ಬಿಟ್ಟು ಆಡಲು ಹೋದೆ. ಪುಸ್ತಕ ಅಪ್ಪನ ಕೈಗೆ ಸಿಕ್ಕ ವರ್ಷವೇ ನಿನ್ನ ಮದುವೆಯಾಯಿತು.

ಈಗ ನಾನು ಮಾದನಹಿಪ್ಪರಗಾ ಬಸ್ಸಿನ ದಾರಿಯ ಒಂದು ಹಳ್ಳಿಯಲ್ಲಿ ಅತಿಥಿ ಶಿಕ್ಷಕಿ. ಈ ಸಲ ನೇಮಕಾತಿ ಪರೀಕ್ಷೆಗೆ ಕೂತು ಕಾಯಂ ನೌಕರಿ ತರಬೇಕು, ಇಲ್ಲದಿದ್ದರೆ ಜೇವರ್ಗಿಯ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆ. ಅಪ್ಪನ ಮಾತು ಅಷ್ಟೇ. ಹಾಗಾಗಿ ಮನೆಯಲ್ಲಿ ಸಾಮಾನ್ಯ ಜ್ಞಾನದ ಗೈಡಿನೊಳಗೆ ಕಾದಂಬರಿ ಇಟ್ಟು ಓದುತ್ತೇನೆ. ಬಸ್ಸಿನಲ್ಲೂ ಹಾಗೆಯೇ. ಆಳಂದದವರು ಯಾರಾದರೂ ಹತ್ತಿರಬಹುದಲ್ಲ.

ಮುಖ್ಯಗುರು ಶಿವಪ್ರಕಾಶ ಸರ್ ಅವರನ್ನು ಕಾಡಿ ಬೇಡಿ, ವಾರಕ್ಕೊಂದು ಓದಿನ ಪಿರಿಯಡ್ ಪಡೆದಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ನನ್ನವೇ ಪುಸ್ತಕ ಕೊಟ್ಟೆ. ಕೊಡುವಾಗ ನನ್ನ ಬಾಯಿಂದ ಬಂದ ಮಾತು: "ಮನ್ಯಾಗ ಕೇಳಿದ್ರ ಅಭ್ಯಾಸದ ಪುಸ್ತಕ ಅನ್ರಿ." ಮರುವಾರ ಎಲ್ಲ ಪುಸ್ತಕಕ್ಕೂ ಪೇಪರಿನ ಹೊದಿಕೆ, ಮೇಲೆ 'ಸಮಾಜ ವಿಜ್ಞಾನ'. ಮಿನಾಜ ಎಂಬ ಹುಡುಗಿ ತನ್ನದನ್ನು ಅಮ್ಮಿಯ ಹೊಲಿಗೆ ಮಷೀನಿನ ಖಾನೆಯಲ್ಲಿ ಬಚ್ಚಿಡುತ್ತಾಳೆ. ಒಂದು ದಿನ ಅವಳೇ ಕೇಳಿದಳು: "ಟೀಚರ್, ನೀವು ಕಥಿ ಓದೂಮುಂದ ಘಳಿಗಿಗೊಮ್ಮೆ ಬಾಗಲಾ ಯಾಕ ನೋಡ್ತೀರಿ? ಯಾರರ ಬರೋರದಾರೇನ್ರಿ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಗಿಲು ನೋಡಿಕೊಂಡೇ.

ಶುಕ್ರವಾರ ತಪಾಸಣೆಗೆ ಒಬ್ಬ ಸಾಹೇಬರು ಬಂದರು, ಒಳ್ಳೆಯ ಮನುಷ್ಯ. "ಪಾಠದ್ದು ಬಿಟ್ಟು ಕಥಿಪುಸ್ತಕ ಯಾರ್ಯಾರು ಓದ್ತೀರಿ? ಕೈ ಎತ್ರಿ" ಎಂದರು.

ಒಂದು ಕೈಯೂ ಏಳಲಿಲ್ಲ ಅಕ್ಕ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಸಾಹೇಬರು ಹೋದ ಮೇಲೆ ಶಿವಪ್ರಕಾಶ ಸರ್, "ಯಾರೂ ಓದಂಗಿಲ್ಲಲ್ರಿ ಟೀಚರ್, ಆ ಪಿರಿಯಡ್ ಗಣಿತಕ್ಕ ಕೊಡ್ತೇನಿ" ಎಂದರು. ಸೋಮವಾರ ಇನ್ನೊಮ್ಮೆ ಕೇಳಿ ನೋಡಿ ಎಂದೆ. "ಕೇಳ್ತೇನಿ. ಕೈ ಎತ್ತೋರು ಬೇಕಲ್ಲ?" ಹೊರಗೆ ಮಿನಾಜ ಕಾಯುತ್ತಿದ್ದಳು. ಮುಖದ ತುಂಬ ಹೆಮ್ಮೆ. "ಟೀಚರ್, ಛಲೋ ಮುಚ್ಚಿಟ್ವಿ ಅಲ್ರೀ?"

ನಿನ್ನಿಂದ ನಾನು ಕಲಿತದ್ದನ್ನೆಲ್ಲ ಅವರಿಗೆ ಕಲಿಸಿದ್ದೇನೆ, ಬುಟ್ಟಿಯ ಬಟ್ಟೆಯನ್ನೂ ಸೇರಿಸಿ. ಕೈ ಎತ್ತಿ ಎಂದು ನಾಳೆ ಯಾವ ಬಾಯಿಂದ ಹೇಳಲಿ?

ಇವತ್ತು ಭಾನುವಾರ. ಗೈಡನ್ನು ಪಕ್ಕಕ್ಕಿಟ್ಟು, ಕಾದಂಬರಿಯನ್ನೇ ಎಲ್ಲರಿಗೂ ಕಾಣುವಂತೆ ಹಿಡಿದು ಪಡಸಾಲೆಯಲ್ಲೇ ಕೂತಿದ್ದೇನೆ. ನಡುನಡುವೆ ನಿನಗೆ ಬರೆಯುತ್ತಿದ್ದೇನೆ. ಓದಿದ್ದು ಒಂದು ಸಾಲೂ ತಲೆಗೆ ಹೋಗಿಲ್ಲ. ಅಪ್ಪನ ಗಾಡಿ ಓಣಿಯ ತಿರುವಿಗೆ ಬಂತು. ಉಳಿದದ್ದು ಆಮೇಲೆ.

ಅಪ್ಪ ಒಳಗೆ ಹೋದ. ಹೋಗುವ ಮೊದಲು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದ.

"ಏನದು?"

"ಕಥಿ, ಅಪ್ಪಾ."

"ಪರೀಕ್ಷಾದಾಗ ಬರ್ತದೇನು?"

"ಇಲ್ಲ. ಸುಮ್ಮ ಓದಾಕತ್ತೇನಿ."

ಬೈಯಲಿಲ್ಲ. ಒಳಗೆ ಅವ್ವನಿಗೆ ಹೇಳಿದ್ದು ಮಾತ್ರ ಕೇಳಿಸಿತು: "ಜೇವರ್ಗಿಯವ್ರಿಗಿ ಬರ್ರಿ ಅಂತ ಹೇಳ್ತೇನಿ."

ಜೇವರ್ಗಿಯವರು ಬಂದಾಗ ಏನು ಹೇಳುತ್ತೇನೋ ಗೊತ್ತಿಲ್ಲ. ನಾಳೆ ತರಗತಿಯಲ್ಲಿ ಸರ್ ಕೇಳಿದಾಗ ಮೊದಲು ನಾನೇ ಕೈ ಎತ್ತುತ್ತೇನೆ, ಅದೊಂದು ಗೊತ್ತು. ಮಿನಾಜಳ ಕಡೆ ನೋಡುತ್ತೇನೆ. ಬಾಗಿಲ ಕಡೆ ನೋಡುವುದಿಲ್ಲ.

ಅವ್ವ ರೊಟ್ಟಿ ಬಡಿಯಲು ಕರೆಯುತ್ತಿದ್ದಾಳೆ. ಪುಸ್ತಕವನ್ನು ಬುಟ್ಟಿಯ ಬಟ್ಟೆಯ ಮೇಲಿಟ್ಟುಕೊಂಡು ಬಡಿಯುತ್ತೇನೆ. ಸಪ್ಪಳ ನಿಂತರೆ ನಿಲ್ಲಲಿ.

ನಿನ್ನ ಮನೆಯಲ್ಲೂ ಒಮ್ಮೆ ಸಪ್ಪಳ ನಿಲ್ಲಲಿ ಅಕ್ಕ, ತಾಯಿ ಭಾಗ್ಯವಂತಿ ಅಷ್ಟು ಬಿಡುವು ನಿನಗೆ ಕೊಡಲಿ.

ನಿನ್ನ ಬಾಗಿಲು ಕಾಯುತ್ತಿದ್ದ,
ಜ್ಯೋತಿ